‘ಪಿಇ ಇಲ್ಲ’ ಎಂದ ಸ್ಕ್ಯಾನ್: ತೀವ್ರ ಎದೆನೋವಿನ ಒಂದು ಪ್ರಕರಣ

ಹಿನ್ನೆಲೆ

58 ವರ್ಷದ ಮಹಿಳೆ. ಹನ್ನೆರಡು ವರ್ಷದಿಂದ ಬಿಪಿ ಇದೆ, ಮಾತ್ರೆ ಬಿಟ್ಟು ಮೂರು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ಇಲ್ಲ, ತಂಬಾಕಿನ ಅಭ್ಯಾಸವಿಲ್ಲ. ಐದು ದಿನದ ಹಿಂದೆ ಹತ್ತು ಗಂಟೆ ಬಸ್ಸಿನಲ್ಲಿ ಕೂತು ಪ್ರಯಾಣ ಮಾಡಿದ್ದರು. ಸಂಜೆ 7:40ಕ್ಕೆ ತುರ್ತು ವಿಭಾಗಕ್ಕೆ ಬಂದಾಗ ನೋವು ಶುರುವಾಗಿ ಸುಮಾರು ಎರಡು ಗಂಟೆ ಕಳೆದಿತ್ತು. ಗುರುತು ಸಿಗಬಾರದೆಂದು ವಯಸ್ಸು, ಗಂಟೆ ಮುಂತಾದವನ್ನು ಸ್ವಲ್ಪ ಬದಲಿಸಿದೆ.

ಬಾಗಿಲಲ್ಲಿ ಬರೆದುಕೊಂಡ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಎದೆನೋವು, ಉಸಿರು ಕಟ್ಟುತ್ತದೆ, ದೂರ ಪ್ರಯಾಣ.’ ನೋವು ಹೇಗೆ ಶುರುವಾಯಿತು ಎಂಬುದಕ್ಕೆ ಆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಮುಂದಿನ ನಾಲ್ಕು ಗಂಟೆ ಎಲ್ಲರೂ ಓದಿದ್ದು ಅದನ್ನೇ.

ಬಂದ ಎಂಟನೇ ನಿಮಿಷಕ್ಕೆ ಇಸಿಜಿ ಆಯಿತು. ಎಡ ಹೃತ್ಕುಕ್ಷಿ ದಪ್ಪಗಾದ ಲಕ್ಷಣ, ವಿ5 ಮತ್ತು ವಿ6 ಲೀಡ್‌ಗಳಲ್ಲಿ ಎಸ್‌ಟಿ ಭಾಗ ತುಸು ಕೆಳಗೆ. ವರ್ಷಗಟ್ಟಲೆ ಬಿಪಿ ಇದ್ದವರಲ್ಲಿ ಕಾಣುವಂಥದ್ದೇ, ದೊಡ್ಡ ಹೃದಯಾಘಾತ ಸೂಚಿಸುವ ಎಸ್‌ಟಿ ಏರಿಕೆ ಎಲ್ಲೂ ಇಲ್ಲ. ಬಲಗೈ ಬಿಪಿ 168/96, ನಾಡಿ 92, ಆಮ್ಲಜನಕ 95%. 300 ಮಿ.ಗ್ರಾಂ. ಆಸ್ಪಿರಿನ್ ಜಗಿಸಲು ಕೊಟ್ಟರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್-ಟಿ (ಹೈ-ಸೆನ್ಸಿಟಿವಿಟಿ ಪರೀಕ್ಷೆ) ಮೊದಲ ಸಲ ಲೀಟರಿಗೆ 11 ನ್ಯಾನೊಗ್ರಾಂ, ಒಂದು ಗಂಟೆ ಬಿಟ್ಟು 13. ಮೊದಲ ಅಂಕಿ 12ಕ್ಕಿಂತ ಕೆಳಗೆ, ಏರಿಕೆ 3ಕ್ಕಿಂತ ಕಡಿಮೆ. ಒಂದು ಗಂಟೆಯ ಲೆಕ್ಕಾಚಾರದ ಪ್ರಕಾರ ಹೃದಯಾಘಾತ ಪಟ್ಟಿಯಿಂದ ಹೊರಗೆ.

ಎಕ್ಸ್‌ರೇಯಲ್ಲಿ ಎದೆಯ ನಡುಭಾಗ, ಅಂದರೆ ಮೀಡಿಯಾಸ್ಟೈನಮ್, ಅಗಲವಾಗಿ ಕಂಡಿತು. ಆದರೆ ಮಲಗಿಸಿ ಮುಂದಿನಿಂದ ತೆಗೆದ ಫಿಲ್ಮಿನಲ್ಲಿ ಅದು ಬಹುಪಾಲು ಜನರಲ್ಲಿ ಅಗಲವಾಗಿಯೇ ಕಾಣುತ್ತದೆ. ಹಾಗಾಗಿ ಯಾರೂ ಅದರ ಮೇಲೆ ತಲೆ ಕೆಡಿಸಿಕೊಳ್ಳಲಿಲ್ಲ. ಆ ಫಿಲ್ಮನ್ನು ನಂಬದೆ ಇದ್ದದ್ದು ಸರಿ. ಅದು ಮಹಾಧಮನಿಯ ಬಗ್ಗೆ ಎತ್ತಿದ ಅನುಮಾನವನ್ನೂ ಅದರ ಜೊತೆಗೇ ಬಿಟ್ಟದ್ದು ಸರಿಯಲ್ಲ.

ಅನುಮಾನ ಯಾವ ಕಡೆ ವಾಲಿತು

ಪ್ರಯಾಣ, ಉಸಿರಾಟದ ತೊಂದರೆ, 95% ಆಮ್ಲಜನಕ. ಡ್ಯೂಟಿ ಡಾಕ್ಟರ ಮನಸ್ಸು ಪಲ್ಮನರಿ ಎಂಬಾಲಿಸಂ (ಪಿಇ), ಅಂದರೆ ಶ್ವಾಸಕೋಶದ ಧಮನಿಯಲ್ಲಿ ರಕ್ತದ ಗಂಟು ಸಿಕ್ಕಿಕೊಂಡಿರುವ ಕಡೆಗೆ ಹೋಯಿತು. ಪಿಇ ಎಷ್ಟು ಸಂಭವ ಎಂದು ಅಳೆಯುವ ವೆಲ್ಸ್ ಅಂಕ 3 ಎಂದು ಬರೆದರು. ಆ ಮೂರೂ ಅಂಕ ಬಂದದ್ದು ‘ಬೇರೆ ಯಾವುದಕ್ಕಿಂತಲೂ ಇದೇ ಹೆಚ್ಚು ಸಂಭವ’ ಎಂಬ ಒಂದೇ ಸಾಲಿನಿಂದ. ನಾಡಿ 100 ದಾಟಿರಲಿಲ್ಲ, ಕಾಲಿನಲ್ಲಿ ಊತವಿರಲಿಲ್ಲ. ದೂರ ಪ್ರಯಾಣಕ್ಕೆ ವೆಲ್ಸ್ ಪಟ್ಟಿಯಲ್ಲಿ ಅಂಕವೇ ಇಲ್ಲ; ಅಲ್ಲಿರುವುದು ಶಸ್ತ್ರಚಿಕಿತ್ಸೆ, ಮತ್ತು ಮೂರು ದಿನಕ್ಕೂ ಮೇಲ್ಪಟ್ಟು ಹಾಸಿಗೆ ಹಿಡಿದಿರುವುದು. ಅಂದರೆ ಪ್ರಯಾಣ ಹುಟ್ಟಿಸಿದ ಅನುಮಾನ ಹಿಂಬಾಗಿಲಿನಿಂದ ಬಂದು ಮೂರು ಅಂಕ ಹಾಕಿಸಿಕೊಂಡಿತ್ತು.

4 ಅಥವಾ ಅದಕ್ಕಿಂತ ಕಡಿಮೆ ಎಂದರೆ ‘ಸಂಭವ ಕಡಿಮೆ’. ಆಗ ರಕ್ತದಲ್ಲಿ ಡಿ-ಡೈಮರ್, ಅಂದರೆ ಹೆಪ್ಪು ಕರಗುವಾಗ ಉಳಿಯುವ ಚೂರು, ಎಷ್ಟಿದೆ ಎಂದು ನೋಡಬೇಕು. 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿ ಹಾಕುವುದು ವಾಡಿಕೆ. ಇಲ್ಲಿ ಮಿತಿ 580 ನ್ಯಾನೊಗ್ರಾಂ, ಬಂದದ್ದು 2,860. ಸಿಟಿಗೆ ಬರೆದರು.

ಗಮನಿಸಬೇಕಾದದ್ದು ಇಲ್ಲೇ. ಮಹಾಧಮನಿಯ ಗೋಡೆ ಸೀಳಿದರೂ ಡಿ-ಡೈಮರ್ ಏರುತ್ತದೆ. ಮಹಾಧಮನಿಯ ಅಪಾಯ ಅಳೆಯುವ ಎಡಿಡಿ ಅಂಕದಲ್ಲಿ ಮೂರು ಗುಂಪುಗಳಿವೆ: ಮೊದಲೇ ಇರುವ ಕಾಯಿಲೆ, ನೋವಿನ ಸ್ವರೂಪ, ಪರೀಕ್ಷೆಯಲ್ಲಿ ಸಿಕ್ಕ ಚಿಹ್ನೆ. ಅಂಕ 0 ಅಥವಾ 1 ಇದ್ದು ಡಿ-ಡೈಮರ್ 500ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸ್ಕ್ಯಾನ್ ಬಿಡಬಹುದು. ಈ ರೋಗಿಗೆ ಆ ಲೆಕ್ಕವನ್ನು ಯಾರೂ ಹಾಕಲೇ ಇಲ್ಲ. 2,860 ಎಂಬ ಒಂದೇ ಸಂಖ್ಯೆ ಎರಡು ಬಾಗಿಲಿಗೂ ಬೀಗದ ಕೈ, ತಿರುಗಿಸಿದ್ದು ಒಂದನ್ನು.

ಸ್ಕ್ಯಾನಿಗೆ ಮುಂಚೆಯೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪಾರಿನ್ ಚುಚ್ಚುಮದ್ದಿಗೂ ಬರೆದಿದ್ದರು, ಕಿಲೋಗೆ 1 ಮಿ.ಗ್ರಾಂ. ಸಂಭವ ಕಡಿಮೆ ಎಂದು ಅಂಕ ಹೇಳುತ್ತಿರುವಾಗ ಅದರ ಅಗತ್ಯವಿರಲಿಲ್ಲ. ಚೀಟಿಯಲ್ಲಿ ತೂಕ ಬರೆದಿರಲಿಲ್ಲ, ಹಾಗಾಗಿ ನರ್ಸ್ ಕೊಡದೆ ತಡೆದರು. ಈ ಪ್ರಕರಣದ ಅತಿ ದೊಡ್ಡ ಅದೃಷ್ಟ ಅದು, ಮತ್ತು ಅದು ಯಾರ ಯೋಜನೆಯೂ ಆಗಿರಲಿಲ್ಲ.

ಮೊದಲ ಸ್ಕ್ಯಾನ್, ರಾತ್ರಿ 9:50

ಬಲ ಮೊಣಕೈ ಮಡಿಕೆಯಲ್ಲಿ 18 ಗೇಜ್ ಕ್ಯಾನುಲಾ. ಮಿ.ಲೀ.ಗೆ 350 ಮಿ.ಗ್ರಾಂ. ಅಯೋಡಿನ್ ಇರುವ ಕಾಂಟ್ರಾಸ್ಟ್ (ರಕ್ತನಾಳಗಳನ್ನು ಸಿಟಿಯಲ್ಲಿ ಬೆಳ್ಳಗೆ ತೋರಿಸುವ ದ್ರವ) 60 ಮಿ.ಲೀ., ಸೆಕೆಂಡಿಗೆ 5 ಮಿ.ಲೀ. ವೇಗದಲ್ಲಿ, ಹಿಂದೆಯೇ 40 ಮಿ.ಲೀ. ಸಲೈನ್. ಗುರುತಿನ ವೃತ್ತವನ್ನು ಮುಖ್ಯ ಪಲ್ಮನರಿ ಧಮನಿಯ ಮೇಲೆ ಇಟ್ಟು, ಅಲ್ಲಿ ಸಾಂದ್ರತೆ 100 ಹೌನ್ಸ್‌ಫೀಲ್ಡ್ ಯೂನಿಟ್ (ಎಚ್‌ಯು) ಮುಟ್ಟಿದ ಕೂಡಲೇ ಸ್ಕ್ಯಾನ್. ಇಸಿಜಿ ಗೇಟಿಂಗ್ (ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಇಲ್ಲ, ಕಾಂಟ್ರಾಸ್ಟಿಗೆ ಮುಂಚಿನ ಪ್ಲೇನ್ ಚಿತ್ರವೂ ಇಲ್ಲ. ಪಿಇ ಹುಡುಕಲು ಇದು ಅಚ್ಚುಕಟ್ಟಾದ ವಿಧಾನ. ದೀರ್ಘ ಉಸಿರು ಎಳೆದರೆ ಹೊಟ್ಟೆಯ ಕಡೆಯಿಂದ ಕಾಂಟ್ರಾಸ್ಟ್ ಇಲ್ಲದ ರಕ್ತ ನುಗ್ಗಿ ಧಮನಿ ಮಂಕಾಗುವ ತೊಂದರೆಯನ್ನೂ, ‘ಅರ್ಧ ಉಸಿರು ಹಿಡಿಯಿರಿ’ ಎಂದು ಹೇಳಿ ಟೆಕ್ನಿಷಿಯನ್ ತಪ್ಪಿಸಿದ್ದರು.

ಪಲ್ಮನರಿ ಧಮನಿಯಲ್ಲಿ 390 ಎಚ್‌ಯು ಸಿಕ್ಕಿತು. ಅದೇ ಕ್ಷಣದಲ್ಲಿ ಆರೋಹಿ ಮಹಾಧಮನಿಯಲ್ಲಿ, ಅಂದರೆ ಹೃದಯದಿಂದ ಮೇಲಕ್ಕೇರುವ ಭಾಗದಲ್ಲಿ, 160 ಮಾತ್ರ. ತೋಳಿನ ರಕ್ತನಾಳದಿಂದ ಹೊರಟ ಕಾಂಟ್ರಾಸ್ಟ್ ಶ್ವಾಸಕೋಶ ದಾಟಿ ಎಡ ಹೃದಯಕ್ಕೆ ಬರಲು ಇನ್ನೂ ಏಳೆಂಟು ಸೆಕೆಂಡು ಬೇಕು. ಪಿಇ ಸ್ಕ್ಯಾನ್ ಆ ಸೆಕೆಂಡುಗಳಿಗೆ ಕಾಯುವುದಿಲ್ಲ, ಕಾಯಲೂಬಾರದು. ಮೇಲಾಗಿ ಗೇಟಿಂಗ್ ಇಲ್ಲದಿದ್ದರೆ ಹೃದಯದ ಪ್ರತಿ ಬಡಿತಕ್ಕೂ ಮಹಾಧಮನಿಯ ಬುಡ ಅಲುಗಿ ಗೋಡೆ ಎರಡೆರಡಾಗಿ ಕಾಣುತ್ತದೆ, ಅದರಲ್ಲೂ ಎಡ-ಮುಂಭಾಗ ಮತ್ತು ಬಲ-ಹಿಂಭಾಗದಲ್ಲಿ.

10:30ರ ವರದಿ: ‘ಸೆಗ್ಮೆಂಟಲ್ ಶಾಖೆಗಳವರೆಗೆ ಗಂಟು ಇಲ್ಲ. ಪೆರಿಕಾರ್ಡಿಯಂನಲ್ಲಿ (ಹೃದಯದ ಸುತ್ತಲಿನ ಚೀಲ) ಅಲ್ಪ ದ್ರವ. ಆರೋಹಿ ಮಹಾಧಮನಿ 46 ಮಿ.ಮೀ.’ ಮೂರೂ ನಿಜ. ತುರ್ತು ವಿಭಾಗದಲ್ಲಿ ಓದಿದ್ದು ಮೊದಲ ವಾಕ್ಯವನ್ನು. ‘ಈ ಸ್ಕ್ಯಾನಿನಲ್ಲಿ ಮಹಾಧಮನಿಯ ಗೋಡೆಯ ಬಗ್ಗೆ ಏನೂ ಹೇಳಲಾಗದು’ ಎಂಬ ನಾಲ್ಕನೇ ವಾಕ್ಯ ಇದ್ದಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಎದೆಯ ಸಿಟಿ ಆಗಿದೆ ಎಂದ ಮೇಲೆ ಎದೆಯಲ್ಲಿರುವುದೆಲ್ಲ ನೋಡಿ ಆಗಿದೆ ಎಂಬ ಭಾವನೆ ವಾರ್ಡಿನಲ್ಲಿ ತಾನಾಗಿ ಬೇರೂರುತ್ತದೆ.

ಕರೊನರಿ ಸಿಟಿಗೆ ತಯಾರಿ

ಪಿಇ ಹೋಯಿತು, ನೋವು ಹೋಗಲಿಲ್ಲ. ಈಗ ಹೃದಯದ ತೊಂದರೆಯ ಅಪಾಯ ಅಳೆಯುವ ಹಾರ್ಟ್ ಸ್ಕೋರ್ ಹಾಕಿದರು: ಲಕ್ಷಣಕ್ಕೆ 1, ಇಸಿಜಿಗೆ 1, ವಯಸ್ಸಿಗೆ 1, ಬಿಪಿಗೆ 1, ಟ್ರೋಪೋನಿನ್‌ಗೆ 0. ಒಟ್ಟು 4, ಮಧ್ಯಮ ಅಪಾಯ. ಹೃದಯದ ರಕ್ತನಾಳದ ಕಾಯಿಲೆ ಮೊದಲು ಗೊತ್ತಿಲ್ಲದ, ಮಧ್ಯಮ ಅಪಾಯದ ರೋಗಿಗೆ ಆ ನಾಳಗಳನ್ನೇ ತೋರಿಸುವ ಕರೊನರಿ ಸಿಟಿ ಒಳ್ಳೆಯ ಆಯ್ಕೆ. ಅಮೆರಿಕದ 2021ರ ಎದೆನೋವಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. 2012ರಲ್ಲಿ ಪ್ರಕಟವಾದ ರೋಮಿಕ್ಯಾಟ್-2 ಅಧ್ಯಯನದಲ್ಲಿ 1,000 ರೋಗಿಗಳ ಪೈಕಿ ಸಿಟಿ ಗುಂಪಿನವರ ಆಸ್ಪತ್ರೆ ವಾಸ ಸರಾಸರಿ 7.6 ಗಂಟೆ ಕಡಿಮೆಯಾಗಿತ್ತು. ಹಾಗಾಗಿ 11:10ಕ್ಕೆ ಬಂದ ಈ ಬೇಡಿಕೆಯಲ್ಲಿ ಹುಚ್ಚುತನವೇನೂ ಇರಲಿಲ್ಲ. ಆದರೆ ಆ ಮಾರ್ಗ ಇರುವುದು ಬೇರೆ ಮಾರಕ ಕಾರಣಗಳನ್ನು ಯೋಚಿಸಿ ಪಕ್ಕಕ್ಕಿಟ್ಟ ಮೇಲೆ. ಇಲ್ಲಿ ಒಂದನ್ನು ಯೋಚಿಸಿಯೇ ಇರಲಿಲ್ಲ.

ಕರೊನರಿ ಸಿಟಿಗೆ ನಾಡಿ 60ರಿಂದ 65ರ ಒಳಗೆ ಬೇಕು. ಸಾಮಾನ್ಯವಾಗಿ ಒಂದು ಗಂಟೆ ಮುಂಚೆ 50ರಿಂದ 100 ಮಿ.ಗ್ರಾಂ. ಮೆಟೊಪ್ರೊಲಾಲ್ ಮಾತ್ರೆ, ಸ್ಕ್ಯಾನಿಗೆ ಸುಮಾರು ಐದು ನಿಮಿಷ ಮುಂಚೆ ನಾಲಿಗೆಯಡಿ 0.8 ಮಿ.ಗ್ರಾಂ. ನೈಟ್ರೋಗ್ಲಿಸರಿನ್. ಪಟ್ಟಿ ಹಿಡಿದು ಬಂದ ಟೆಕ್ನಿಷಿಯನ್ ಆಸ್ತಮಾ ಇದೆಯೇ, ಬೇರೆ ಮಾತ್ರೆ ತಗೊಂಡಿದ್ದಾರೆಯೇ ಎಂದು ಕೇಳುತ್ತ, ರೋಗಿ ಮಲಗದೆ ಒಂದು ಪಕ್ಕಕ್ಕೆ ವಾಲಿ ಕೂತಿರುವುದನ್ನು ನೋಡಿದರು.

‘ಅಮ್ಮಾ, ಮಲಗೋಕೆ ಆಗಲ್ವಾ? ಈಗ ಎಲ್ಲಿ ನೋವು?’

‘ಬೆನ್ನಲ್ಲಪ್ಪ, ಎರಡು ರೆಕ್ಕೆ ಮೂಳೆ ನಡುವೆ. ಎದೇಲಿ ಈಗ ಅಷ್ಟಿಲ್ಲ.’

‘ಶುರುವಾದಾಗ ನಿಧಾನಕ್ಕೆ ಏರ್ತಾ ಬಂತಾ?’

‘ಇಲ್ಲಪ್ಪ, ಒಂದೇ ಸಲ. ಬಟ್ಟೆ ಒಣಹಾಕ್ತಿದ್ದೆ, ಯಾರೋ ಗುದ್ದಿದ ಹಾಗಾಯ್ತು. ಬಕೆಟ್ ಕೈಯಿಂದ ಬಿದ್ದೇಹೋಯ್ತು.’

ಬಕೆಟ್ ಬಿದ್ದ ವಿಷಯ ಆ ಸಂಜೆ ಯಾರ ಟಿಪ್ಪಣಿಯಲ್ಲೂ ಇರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಮೊದಲ ಕ್ಷಣದಲ್ಲೇ ಶಿಖರ ಮುಟ್ಟಿದ ನೋವು, ಎದೆಯಿಂದ ಬೆನ್ನಿಗೆ ಜರುಗಿದ ನೋವು: ಎಡಿಡಿ ಅಂಕ 1, ಡಿ-ಡೈಮರ್ 500ರ ಎಷ್ಟೋ ಮೇಲೆ. ಟೆಕ್ನಿಷಿಯನ್ ಮಾತ್ರೆಯನ್ನೂ ಸ್ಪ್ರೇಯನ್ನೂ ಅಲ್ಲೇ ನಿಲ್ಲಿಸಿ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿದರು. ಮಹಾಧಮನಿ ಸೀಳಿದವರಿಗೆ ನಾಡಿ ಹತೋಟಿಗೆ ಬರುವ ಮೊದಲು ನೈಟ್ರೋಗ್ಲಿಸರಿನ್ ಕೊಟ್ಟರೆ ಬಿಪಿ ಇಳಿಯುತ್ತದೆ, ಆದರೆ ನಾಡಿ ಜಿಗಿಯುತ್ತದೆ, ಗೋಡೆಗೆ ಬೀಳುವ ಹೊಡೆತ ಹೆಚ್ಚುತ್ತದೆ.

ಮತ್ತೆ ತೆರೆದ ಚಿತ್ರಗಳು

ಮೊದಲ ಸ್ಕ್ಯಾನನ್ನು 11:35ಕ್ಕೆ ಮತ್ತೆ ತೆರೆದರು. ಪಿಇ ನೋಡುವಾಗ ಕಿಟಕಿಯ (ಕಪ್ಪಿನಿಂದ ಬಿಳುಪಿನವರೆಗೆ ತೋರಿಸುವ ಎಚ್‌ಯು ವ್ಯಾಪ್ತಿಯ) ಅಗಲ 700, ಮಧ್ಯಬಿಂದು 100 ಇಟ್ಟಿದ್ದರು. ಹೊಳೆಯುವ ಕಾಂಟ್ರಾಸ್ಟಿನ ನಡುವೆ ಗಂಟು ಕಾಣಲು ಅದೇ ಬೇಕು. ಈಗ ಅಗಲ 350, ಮಧ್ಯ 40. ಬೂದು ಛಾಯೆಯ ಲೆಕ್ಕ ಸರಳ. ಮಹಾಧಮನಿಯ ಒಳಗೆ 160, ಗೋಡೆಯ ಬಳಿ 66, ವ್ಯತ್ಯಾಸ 94. ಅದು 700ರ ಕಿಟಕಿಯಲ್ಲಿ ಛಾಯೆಯ 13% ಮಾತ್ರ, 350ರಲ್ಲಿ 27%. ಮೊದಲು ಮಸುಕು ಅಂಚಿನಂತೆ ಕಂಡದ್ದು ಈಗ ಅರ್ಧಚಂದ್ರಾಕಾರದ ಪಟ್ಟಿಯಾಗಿ ಎದ್ದು ಕಂಡಿತು.

ಬಡಿತದ ಅಲುಗಾಟವೋ ನಿಜವಾದ ಪಟ್ಟಿಯೋ? ಅಲುಗಾಟದ ಗೆರೆ ಒಂದೆರಡು ಸ್ಲೈಸಿನಲ್ಲಿ ಬಂದು ಮಾಯವಾಗುತ್ತದೆ, ಗೋಡೆಯ ಹೊರಗಿನ ಕೊಬ್ಬಿಗೂ ಚಾಚುತ್ತದೆ, ಅದೇ ಮಟ್ಟದಲ್ಲಿ ಹೃದಯದ ಅಂಚೂ ಎರಡಾಗಿರುತ್ತದೆ. ಇಲ್ಲಿ ಪಟ್ಟಿ ನುಣುಪಾಗಿ ಸುಮಾರು 5 ಸೆಂ.ಮೀ. ಉದ್ದಕ್ಕೂ ಮುಂದುವರಿದಿತ್ತು. ಮಹಾಧಮನಿಯ ಹಿಂದೆ ಪೆರಿಕಾರ್ಡಿಯಂನ ಸಂದಿಯಲ್ಲಿ ದ್ರವ ನಿಂತರೂ ಹೀಗೇ ಕಂಡು ಮೋಸ ಮಾಡುತ್ತದೆ. ಆದರೆ ತಿಳಿ ದ್ರವದ ಸಾಂದ್ರತೆ 0ರಿಂದ 20 ಎಚ್‌ಯು, 66 ಅಲ್ಲ. ಅನುಮಾನಕ್ಕೆ ತೆರೆ ಎಳೆದದ್ದು ಒಂದು ಸುಣ್ಣದ ಚುಕ್ಕೆ. ಗೋಡೆಯ ಒಳಪದರದಲ್ಲಿ ಇರುವ ಈ ಚುಕ್ಕೆ ಆರೋಗ್ಯವಂತ ನಾಳದಲ್ಲಿ ಹೆಚ್ಚುಕಡಿಮೆ ಹೊರ ಅಂಚಿಗೇ ಅಂಟಿಕೊಂಡಂತೆ ಕಾಣುತ್ತದೆ. ಇಲ್ಲಿ ಅದು ಹೊರ ಅಂಚಿನಿಂದ 8 ಮಿ.ಮೀ. ಒಳಗಿತ್ತು. ಒಳಪದರವನ್ನು ಯಾವುದೋ ಹಿಂದಿನಿಂದ ತಳ್ಳಿದೆ ಎಂದೇ ಅರ್ಥ.

ಇತ್ತ ಹಾಸಿಗೆಯ ಪಕ್ಕ ಎರಡೂ ಕೈ ಬಿಪಿ ನೋಡಿದರು: 164 ಮತ್ತು 158. ‘ವ್ಯತ್ಯಾಸವಿಲ್ಲವಲ್ಲ’ ಎಂದು ಒಬ್ಬರು ಸಮಾಧಾನಪಟ್ಟರು. ಆ ಸಮಾಧಾನಕ್ಕೆ ಆಧಾರವಿಲ್ಲ. ಗೋಡೆಯೊಳಗೇ ರಕ್ತ ಹೆಪ್ಪುಗಟ್ಟುವ ಇಂಟ್ರಾಮ್ಯೂರಲ್ ಹೆಮಟೋಮಾದಲ್ಲಿ ತೇಲುವ ಪದರ ಇರುವುದಿಲ್ಲ, ಶಾಖೆಗಳು ಮುಚ್ಚುವುದು ಅಪರೂಪ, ಹಾಗಾಗಿ ನಾಡಿಯ ವ್ಯತ್ಯಾಸ ಸಿಗುವುದೂ ಅಪರೂಪ. ಎಕೋದಲ್ಲಿ ಹೃದಯದ ಸುತ್ತ 6 ಮಿ.ಮೀ. ದ್ರವ ಕಂಡಿತು, ಹೃದಯ ಒತ್ತಿದ ಲಕ್ಷಣ ಇರಲಿಲ್ಲ.

ಸ್ಕ್ಯಾನಿಗೆ ಕಾಯದೆ ಚಿಕಿತ್ಸೆ ಶುರುವಾಯಿತು. ಈಗ ತೂಕ ನೋಡಿದರು: 64 ಕಿಲೋ. ನಾಡಿ ಇಳಿಸುವ ಎಸ್ಮೊಲಾಲ್ ಕಿಲೋಗೆ 500 ಮೈಕ್ರೊಗ್ರಾಂ ಲೆಕ್ಕದಲ್ಲಿ 32 ಮಿ.ಗ್ರಾಂ. ಒಂದು ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ 3.2 ಮಿ.ಗ್ರಾಂ. ಹನಿ. ನೋವಿಗೆ ಫೆಂಟನಿಲ್. ಗುರಿ: ನಾಡಿ 60ರ ಕೆಳಗೆ, ಮೇಲಿನ ಬಿಪಿ 100ರಿಂದ 120.

ಎರಡನೇ ಸ್ಕ್ಯಾನ್, 12:25

ಈ ಸಲ ಮೊದಲು ಕಾಂಟ್ರಾಸ್ಟ್ ಇಲ್ಲದೆ ಎದೆ. ಇದನ್ನು ಬಿಟ್ಟರೆ ಹೆಮಟೋಮಾ ಕೈತಪ್ಪುವುದು ಸುಲಭ: ತಾಜಾ ಹೆಪ್ಪು 60-70 ಎಚ್‌ಯು ಇರುತ್ತದೆ, ಸುತ್ತಲಿನ ಹರಿಯುವ ರಕ್ತ 40ರ ಆಸುಪಾಸು, ಹಾಗಾಗಿ ಪ್ಲೇನ್ ಚಿತ್ರದಲ್ಲಿ ಪಟ್ಟಿ ಬೆಳ್ಳಗೆ ಹೊಳೆಯುತ್ತದೆ. ಕಾಂಟ್ರಾಸ್ಟ್ ಬಂದ ಮೇಲೆ ಅದೇ ಪಟ್ಟಿ ಕಪ್ಪಾಗಿ, ಹಳೆಯ ಕೊಬ್ಬಿನ ಪದರವೋ ಅಂಟಿಕೊಂಡ ಗಂಟೋ ಎಂಬಂತೆ ಕಾಣುತ್ತದೆ. ಇಲ್ಲಿ ಎರಡೂವರೆ ಗಂಟೆ ಹಿಂದಿನ ಕಾಂಟ್ರಾಸ್ಟ್ ಇನ್ನೂ ಪೂರ್ತಿ ಹೋಗಿರಲಿಲ್ಲ. ಹರಿಯುವ ರಕ್ತವೇ 52 ತೋರಿಸಿತು, ಪಟ್ಟಿ 67. ವ್ಯತ್ಯಾಸ ಅರ್ಧದಷ್ಟು ಕಳೆದುಹೋಗಿತ್ತು, ಆದರೂ ಕಿರಿದಾದ ಕಿಟಕಿಯಲ್ಲಿ ಸಿಕ್ಕಿತು. ರಕ್ತಹೀನತೆ ಇದ್ದವರಲ್ಲಿ ಇದಕ್ಕೆ ತದ್ವಿರುದ್ಧ: ರಕ್ತ ಮಂಕಾಗಿ, ಆರೋಗ್ಯವಾದ ಗೋಡೆಯೇ ಬೆಳ್ಳಗೆ ಕಂಡು ಹೆದರಿಸುತ್ತದೆ.

ಆಮೇಲೆ ಎದೆಗೆ ಇಸಿಜಿ ಗೇಟಿಂಗ್ ಜೊತೆ, ಹೊಟ್ಟೆಯಿಂದ ತೊಡೆಸಂದಿಯವರೆಗೆ ಗೇಟಿಂಗ್ ಇಲ್ಲದೆ. 90 ಮಿ.ಲೀ. ಕಾಂಟ್ರಾಸ್ಟ್, ಸೆಕೆಂಡಿಗೆ 4 ಮಿ.ಲೀ., ಗುರುತಿನ ವೃತ್ತ ಈಗ ಅವರೋಹಿ ಮಹಾಧಮನಿಯ ಮೇಲೆ. ಸೂಜಿ ಮತ್ತೆ ಬಲಗೈಗೇ: ಎಡಗೈಯಿಂದ ಕೊಟ್ಟರೆ ದಟ್ಟ ಕಾಂಟ್ರಾಸ್ಟ್ ತುಂಬಿದ ರಕ್ತನಾಳ ಮಹಾಧಮನಿಯ ಕಮಾನಿನ ಮುಂದೆ ಅಡ್ಡ ಹಾದು, ಅದರ ಗೆರೆಗಳು ಬೇಕಾದ ಜಾಗದ ಮೇಲೆಯೇ ಬೀಳುತ್ತವೆ. ಸ್ಕ್ಯಾನ್ ಹೊತ್ತಿಗೆ ನಾಡಿ 61.

ಆರೋಹಿ ಮಹಾಧಮನಿಯಲ್ಲಿ 9 ಮಿ.ಮೀ. ದಪ್ಪದ ಹೆಮಟೋಮಾ, ಕಮಾನಿನ ಆರಂಭದವರೆಗೆ. ಅಗಲ 47 ಮಿ.ಮೀ. ಸೀಳಿದ ಪದರ ಇಲ್ಲ. ಪೆರಿಕಾರ್ಡಿಯಂ ದ್ರವ 35 ಎಚ್‌ಯು, ಅಂದರೆ ರಕ್ತ ಬೆರೆತದ್ದು. ಸ್ಟ್ಯಾನ್‌ಫರ್ಡ್ ಎ ವಿಧ, ಅಂದರೆ ಆರೋಹಿ ಭಾಗ ಸೇರಿದ್ದು. ಗೇಟಿಂಗ್‌ನಿಂದ ಇನ್ನೊಂದು ಲಾಭವೂ ಆಯಿತು: ಎರಡೂ ಕರೊನರಿ ನಾಳಗಳ ಬಾಯಿ ತೆರೆದಿರುವುದು, ಎಡ ಮುಂಭಾಗದ ನಾಳದಲ್ಲಿ ಸುಮಾರು 30% ಕಿರಿದಾಗಿರುವುದು ಅದೇ ಚಿತ್ರದಲ್ಲಿ ಸಿಕ್ಕಿತು. ಕರೊನರಿ ಸಿಟಿ ಕೇಳಿದವರಿಗೆ ಉತ್ತರ ಕೇಳದೆಯೇ ಬಂತು. ಶಸ್ತ್ರಚಿಕಿತ್ಸಕರು ಕ್ಯಾತಿಟರ್ ಆಂಜಿಯೋಗ್ರಾಂ ಬಿಟ್ಟು ನೇರ ಥಿಯೇಟರಿಗೆ ಹೋದರು.

2:40ಕ್ಕೆ ಶಸ್ತ್ರಚಿಕಿತ್ಸೆ. ಆರೋಹಿ ಭಾಗ ತೆಗೆದು ಕೃತಕ ನಾಳ ಜೋಡಿಸಿದರು. ಆಸ್ಪಿರಿನ್ ಪರಿಣಾಮದಿಂದ ರಕ್ತ ಹೆಚ್ಚು ಹೋಯಿತು, ಪ್ಲೇಟ್‌ಲೆಟ್ ಬೇಕಾಯಿತು; ಎನಾಕ್ಸಪಾರಿನ್ ಕೂಡ ಸೇರಿದ್ದರೆ ಆ ರಾತ್ರಿ ಇನ್ನಷ್ಟು ಉದ್ದವಾಗುತ್ತಿತ್ತು. ಎರಡು ಸ್ಕ್ಯಾನಿನ ಕಾಂಟ್ರಾಸ್ಟ್ ಸೇರಿ 150 ಮಿ.ಲೀ. ಆದರೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 0.9ರಿಂದ 1.1ಕ್ಕೆ ಏರಿ ಮೂರನೇ ದಿನ ಇಳಿಯಿತು. ಹತ್ತನೇ ದಿನ ಮನೆಗೆ ಹೋದರು.

ಆಮೇಲೆ ಏನು ಬದಲಾಯಿತು

ಪ್ರಕರಣದ ಚರ್ಚೆಯಲ್ಲಿ ಮೊದಲು ಬಂದ ಸಲಹೆ: ಎದೆನೋವಿನವರಿಗೆಲ್ಲ ‘ಟ್ರಿಪಲ್ ರೂಲ್ ಔಟ್’ ಮಾಡಿಬಿಡೋಣ, ಕರೊನರಿ, ಮಹಾಧಮನಿ, ಪಲ್ಮನರಿ ಮೂರೂ ಒಂದೇ ಸಲ. ಕೇಳಲು ಚೆಂದ. ಆದರೆ ಎಡ-ಬಲ ಎರಡೂ ಕಡೆ ಒಂದೇ ಹೊತ್ತಿಗೆ ಕಾಂಟ್ರಾಸ್ಟ್ ತುಂಬಿರಬೇಕು, ಅದಕ್ಕೆ ಉದ್ದನೆಯ ಇಂಜೆಕ್ಷನ್, ಹೆಚ್ಚು ಪ್ರಮಾಣ, ಹೆಚ್ಚು ಹೊತ್ತು ಉಸಿರು ಹಿಡಿಯುವುದು, ಇಡೀ ಎದೆಗೆ ಗೇಟಿಂಗ್‌ನ ವಿಕಿರಣ. ನೋವಿನಲ್ಲಿ ಒದ್ದಾಡುವವರಲ್ಲಿ ಮೂರೂ ಅರೆಬರೆಯಾಗುವ ಸಂಭವವೇ ಜಾಸ್ತಿ. ಯೋಚನೆ ತಪ್ಪಿಸಲು ಸ್ಕ್ಯಾನನ್ನು ದೊಡ್ಡದು ಮಾಡುವುದು ಸರಿಯಲ್ಲ ಎಂದು ಆ ಸಲಹೆಯನ್ನು ಕೈಬಿಟ್ಟರು.

ಬದಲಾದದ್ದು ಸಣ್ಣ ಸಣ್ಣವು. ಸಿಟಿ ಬೇಡಿಕೆ ಹಾಳೆಯಲ್ಲಿ ‘ನೋವು ಶುರುವಾದದ್ದು: ಒಮ್ಮೆಲೇ / ನಿಧಾನವಾಗಿ’ ಎಂಬ ಸಾಲು ಬಂತು, ಖಾಲಿ ಬಿಟ್ಟರೆ ಬೇಡಿಕೆ ವಾಪಸ್. ಡಿ-ಡೈಮರ್ ಮೇಲಿದ್ದರೆ ವೆಲ್ಸ್ ಜೊತೆ ಎಡಿಡಿ ಅಂಕವನ್ನೂ ಬರೆಯಬೇಕು. ಪಿಇ ವರದಿಯಲ್ಲಿ ಮಹಾಧಮನಿಗೆ ಒಂದು ಕಡ್ಡಾಯ ವಾಕ್ಯ: ಎಷ್ಟು ಎಚ್‌ಯು ತುಂಬಿದೆ, ಗೋಡೆ ನೋಡಲು ಆಗುತ್ತದೆಯೋ ಇಲ್ಲವೋ. ಮಹಾಧಮನಿ 40 ಮಿ.ಮೀ. ದಾಟಿ ಜೊತೆಗೆ ಪೆರಿಕಾರ್ಡಿಯಂ ದ್ರವ ಇದ್ದರೆ ವರದಿ ಟೈಪ್ ಮಾಡಿ ಸುಮ್ಮನಾಗದೆ ಫೋನ್ ಮಾಡಬೇಕು.

ಒಂದು ವಿಷಯದಲ್ಲಿ ಮಾತ್ರ ಒಮ್ಮತ ಬರಲು ಹೊತ್ತು ಹಿಡಿಯಿತು: ಪ್ರತಿ ಪಿಇ ಸ್ಕ್ಯಾನಿಗೂ ಮುಂಚೆ ಪ್ಲೇನ್ ಚಿತ್ರ ಬೇಕೇ? ವಿಕಿರಣದ ಲೆಕ್ಕ ಮುಂದಿಟ್ಟರು. ಮೊದಲ ಸ್ಕ್ಯಾನಿನ ಡಿಎಲ್‌ಪಿ (ಸ್ಕ್ಯಾನರ್ ಹೊರಸೂಸಿದ ಒಟ್ಟು ವಿಕಿರಣದ ಅಳತೆ) 240, ಎದೆಗೆ 0.014ರಿಂದ ಗುಣಿಸಿದರೆ ಸುಮಾರು 3.4 ಮಿಲಿಸೀವರ್ಟ್. ಎರಡನೆಯದರ ಡಿಎಲ್‌ಪಿ 1,050, ಅಂದರೆ ಹೆಚ್ಚುಕಡಿಮೆ 15. ಕಡಿಮೆ ಡೋಸಿನ ಪ್ಲೇನ್ ಎದೆ ಸೇರಿಸಿದ್ದರೆ ಹೆಚ್ಚುತ್ತಿದ್ದದ್ದು ಒಂದೆರಡು ಮಿಲಿಸೀವರ್ಟ್. ಆದರೂ ಪಿಇ ಅನುಮಾನದಲ್ಲಿ ಬರುವವರಲ್ಲಿ ಎಳೆಯ ವಯಸ್ಸಿನವರೂ ಗರ್ಭಿಣಿಯರೂ ಇದ್ದಾರೆ. ಎಲ್ಲರಿಗೂ ಹಾಕುವುದು ಬೇಡ ಎಂದಾಯಿತು. ಹಾಳೆಯಲ್ಲಿ ‘ಒಮ್ಮೆಲೇ’ ಎಂಬ ಪದಕ್ಕೆ ಗುರುತು ಬಿದ್ದಿದ್ದು ರೋಗಿಗೆ 40 ದಾಟಿದ್ದರೆ, ಟೆಕ್ನಿಷಿಯನ್ ಯಾರ ಅನುಮತಿಗೂ ಕಾಯದೆ ಮೊದಲು ಪ್ಲೇನ್ ಎದೆ ತೆಗೆದು, ಮುಂದಿನ ಕಾಂಟ್ರಾಸ್ಟ್ ಚುಚ್ಚುವ ಮುನ್ನ ರೇಡಿಯಾಲಜಿಸ್ಟ್‌ಗೆ ತೋರಿಸುತ್ತಾರೆ. ಸ್ಕ್ಯಾನರ್‌ಗೆ ಅದು ಕೆಲವೇ ಸೆಕೆಂಡಿನ ಕೆಲಸ.